ಖಾನಾಪುರದ ಕಾಡಂಚಿನ ಊರಿಗೆ ಉಪಗ್ರಹ ಇಂಟರ್ನೆಟ್: ಒಂದು ಪ್ರಕರಣ ಅಧ್ಯಯನ

ಇದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಒಂದು ಸಣ್ಣ ಊರಿನ ಪ್ರಕರಣ. ಊರಿನ ಹೆಸರು, ಅಲ್ಲಿನವರ ಹೆಸರು, ಸೇವೆ ಕೊಟ್ಟ ಕಂಪನಿಯ ಹೆಸರು ಯಾವುದನ್ನೂ ಹಾಕಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ತಾಂತ್ರಿಕ ವಿಷಯ ಮಾತ್ರ ಇದ್ದ ಹಾಗೇ ಇದೆ. ನಾನು ಬೆಳಗಾವಿಯಲ್ಲಿ ನೆಟ್‌ವರ್ಕ್ ಕೆಲಸ ಮಾಡುತ್ತೇನೆ. ಈ ಊರಿನ ಕೆಲಸದಲ್ಲಿ ಶುರುವಿನಿಂದಲೂ ಜೊತೆಗಿದ್ದೇನೆ. ಇಂಥದ್ದೇ ಜಾಗದಲ್ಲಿ ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಊರು

ಬೆಳಗಾವಿ ಜಿಲ್ಲೆ ಅಂದರೆ ಹೊರಗಿನವರಿಗೆ ಕಬ್ಬು, ಎರೆಹೊಲ, ಬಯಲು ನೆನಪಾಗುತ್ತದೆ. ಖಾನಾಪುರದ ಪಶ್ಚಿಮ ಭಾಗ ಹಾಗಿಲ್ಲ. ಅದು ಸಹ್ಯಾದ್ರಿ. ಮಲಪ್ರಭೆ ಹುಟ್ಟುವುದು ಅಲ್ಲಿನ ಕಣಕುಂಬಿಯಲ್ಲಿ. ಮಹದಾಯಿ ಹುಟ್ಟುವುದು ಭೀಮಗಡದ ಕಾಡಿನಲ್ಲಿ. ಆ ಕಾಡನ್ನು 2011ರಲ್ಲಿ ವನ್ಯಜೀವಿ ಅಭಯಾರಣ್ಯ ಎಂದು ಘೋಷಿಸಿದರು. ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯಾದರೆ, ಕಣಕುಂಬಿ ಸುತ್ತ ಅದರ ಹಲವು ಪಟ್ಟು ಸುರಿಯುತ್ತದೆ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡುವುದೇ ಇಲ್ಲ ಅನ್ನಬಹುದು.

ಊರು ಈ ಕಾಡಿನ ಅಂಚಿನಲ್ಲಿದೆ. ಕೆಲವೇ ಹಂಚಿನ ಮನೆಗಳು, ಒಂದು ಕಿರಿಯ ಪ್ರಾಥಮಿಕ ಶಾಲೆ, ಒಂದು ಅಂಗನವಾಡಿ. ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ಕೇಳಿಸುತ್ತವೆ. ದುಡಿಯುವ ವಯಸ್ಸಿನವರು ಅರ್ಧಕ್ಕರ್ಧ ಬೆಳಗಾವಿಯಲ್ಲೋ ಗೋವಾದಲ್ಲೋ ಇದ್ದಾರೆ. ಊರಲ್ಲಿ ಮೊಬೈಲ್ ರೇಂಜ್ ಇಲ್ಲ. ಸ್ವಲ್ಪ ದೂರದ ಗುಡ್ಡ ಹತ್ತಿದರೆ, ಒಂದು ಬಂಡೆಯ ಮೇಲೆ ನಿಂತಾಗ ಒಂದೆರಡು ಕಡ್ಡಿ ಬರುತ್ತಿತ್ತು. ಪಡಿತರದ ಬೆರಳಚ್ಚು, ಶಾಲೆಯ ಹಾಜರಾತಿ, ಆಶಾ ಕಾರ್ಯಕರ್ತೆಯ ವರದಿ ಎಲ್ಲಕ್ಕೂ ಆ ಬಂಡೆಯೇ ಗತಿ. ಮಳೆಗಾಲದಲ್ಲಿ ಆ ದಾರಿ ಜಾರುತ್ತದೆ, ಜಿಗಣೆ ಹತ್ತುತ್ತವೆ. ಬಸುರಿ ಹೆಂಗಸಿಗೆ ರಾತ್ರಿ ಹೊಟ್ಟೆನೋವು ಬಂದರೆ ಆಂಬುಲೆನ್ಸ್‌ಗೆ ಫೋನ್ ಮಾಡಲು ಯಾರೋ ಒಬ್ಬರು ಬ್ಯಾಟರಿ ಹಿಡಿದು ಗುಡ್ಡ ಹತ್ತಬೇಕು. ಇಂಟರ್ನೆಟ್ ಬೇಕು ಅಂತ ಊರವರು ಹಟ ಹಿಡಿದಿದ್ದಕ್ಕೆ ಮುಖ್ಯ ಕಾರಣ ಇದು.

ಬೇರೆ ದಾರಿ ಇರಲಿಲ್ಲವೇ ಅಂತ ಎಲ್ಲರೂ ಕೇಳುತ್ತಾರೆ. ರೇಂಜ್ ಇಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡುವ ಯೋಜನೆಗೆ ಕೇಂದ್ರ ಸಂಪುಟ 2022ರ ಜುಲೈನಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅಭಯಾರಣ್ಯದ ಆಸುಪಾಸಿನಲ್ಲಿ ಟವರ್ ಎಬ್ಬಿಸುವುದು ಬಯಲಿನಲ್ಲಿ ಎಬ್ಬಿಸಿದಷ್ಟು ಸುಲಭವಲ್ಲ. ಅರಣ್ಯ ಇಲಾಖೆ, ವನ್ಯಜೀವಿ ಮಂಡಳಿ ಎಲ್ಲರ ಅನುಮತಿ ಬೇಕು. ಟವರ್‌ಗೆ ಕರೆಂಟ್ ಬೇಕು, ಡೀಸೆಲ್ ಸಾಗಿಸಲು ರಸ್ತೆ ಬೇಕು. ಹಳ್ಳಿಗಳಿಗೆ ಇಂಟರ್ನೆಟ್ ಕೊಡುವ ಕೇಂದ್ರದ ಯೋಜನೆ ಭಾರತ್‌ನೆಟ್‌ನ ಫೈಬರ್ ಗ್ರಾಮ ಪಂಚಾಯತಿಯ ತನಕ ಬರುತ್ತದೆ. ಪಂಚಾಯತಿಯಿಂದ ಈ ಊರಿಗೆ ನಡುವೆ ಪೂರಾ ಕಾಡು. ಕಂಬದ ಮೇಲೆ ಕೇಬಲ್ ಎಳೆದರೆ ಮೊದಲ ಗಾಳಿಮಳೆಗೆ ಮರ ಬಿದ್ದು ಹರಿಯುತ್ತದೆ. ಉಳಿದದ್ದು ಆಕಾಶ ಒಂದೇ.

ಕೆನಡಾದಿಂದ ಬಂದ ಸಲಹೆ

ಊರಿನ ಒಂದು ಮನೆಯ ಅಳಿಯ ಕೆನಡಾದ ಉತ್ತರ ತುದಿಯಲ್ಲಿ, ನುನಾವುಟ್‌ನ ಒಂದು ಗಣಿ ಕ್ಯಾಂಪಿನಲ್ಲಿ ಕೆಲಸ ಮಾಡಿದವರು. ಹಿಮದ ನಾಡಲ್ಲಿ ಉಪಗ್ರಹ ಇಂಟರ್ನೆಟ್ ಜೊತೆಗೆ ಬದುಕಿದ ಅನುಭವ ಅವರಿಗಿತ್ತು. ನುನಾವುಟ್‌ನ 25 ಊರುಗಳೂ ಹೊರಜಗತ್ತಿನ ಸಂಪರ್ಕಕ್ಕೆ ಉಪಗ್ರಹವನ್ನೇ ನಂಬಿಕೊಂಡು ಬಂದಿವೆ. 2011ರ ಅಕ್ಟೋಬರ್ 6ರಂದು ಅನಿಕ್ ಎಫ್2 ಎಂಬ ಒಂದೇ ಉಪಗ್ರಹ ದಿಕ್ಕು ತಪ್ಪಿದಾಗ ಅಲ್ಲಿ ಫೋನ್, ಇಂಟರ್ನೆಟ್ ನಿಂತು, ವಿಮಾನಗಳೂ ಹಾರಲಿಲ್ಲ. ಅಂಥ ಕಡೆ ಪಳಗಿದವರ ಮಾತಿಗೆ ತೂಕ ಇರುತ್ತದೆ, ಅಲ್ವಾ? ಅವರು ಮನಸ್ಸಿಟ್ಟು ಒಂದು ಪಟ್ಟಿ ಮಾಡಿ ಕಳಿಸಿದ್ದರು. ದಕ್ಷಿಣಕ್ಕೆ ದೂರದವರೆಗೆ ಮರ, ಗುಡ್ಡ ಅಡ್ಡ ಇರಬಾರದು. ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಭೂಸ್ಥಿರ ಉಪಗ್ರಹ ಬೇಡ, ಭೂಮಿಗೆ ಹತ್ತಿರದಲ್ಲಿ ಸುತ್ತುವ ಕೆಳಕಕ್ಷೆಯದೇ ಬೇಕು. ದಿನದ 24 ಗಂಟೆಯೂ ಆನ್ ಇರಬೇಕು, ಆರಿಸಿದರೆ ಉಪಕರಣ ಚಳಿಗೆ ಕೆಡುತ್ತದೆ.

ಅಲ್ಲಿಗೆ ಇದೆಲ್ಲ ಪೂರ್ತಿ ನಿಜ. ಭೂಸ್ಥಿರ ಉಪಗ್ರಹ ಇರುವುದು ಭೂಮಧ್ಯರೇಖೆಯ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ. ನುನಾವುಟ್‌ನ ರಾಜಧಾನಿ ಇಕಾಲುಇಟ್ ಸುಮಾರು 64 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿಂದ ನೋಡಿದರೆ ಆ ಉಪಗ್ರಹ ದಿಗಂತದಿಂದ ಹೆಚ್ಚೆಂದರೆ 18 ಡಿಗ್ರಿ ಮೇಲಿರುತ್ತದೆ. ಇನ್ನೂ ಉತ್ತರಕ್ಕೆ ಹೋದಂತೆ ಅದು ನೆಲಕ್ಕೇ ತಾಗುತ್ತದೆ. 81 ಡಿಗ್ರಿ ದಾಟಿದರೆ ಕಾಣುವುದೇ ಇಲ್ಲ. ಒಂದು ಸಣ್ಣ ಗುಡ್ಡ ಅಡ್ಡ ಬಂದರೂ ಲಿಂಕ್ ಹೋಯಿತು. ಧ್ರುವಗಳ ಮೇಲೆ ಹಾದು ಹೋಗುವ ಒನ್‌ವೆಬ್, ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಉಪಗ್ರಹಗಳು ಅಲ್ಲಿನವರಿಗೆ ವರ ಆಗಿರುವುದು ಅದಕ್ಕೇ.

ಖಾನಾಪುರ ಇರುವುದು 15.6 ಡಿಗ್ರಿ ಅಕ್ಷಾಂಶದಲ್ಲಿ, 74.5 ಡಿಗ್ರಿ ರೇಖಾಂಶದಲ್ಲಿ. ಇಸ್ರೋದ ಜಿಸ್ಯಾಟ್-11 ಇರುವುದು 74 ಡಿಗ್ರಿ ಪೂರ್ವದಲ್ಲಿ. 5,854 ಕೆಜಿಯ ಈ ಉಪಗ್ರಹವನ್ನು 2018ರ ಡಿಸೆಂಬರ್ 5ರಂದು ಫ್ರೆಂಚ್ ಗಯಾನಾದಿಂದ ಹಾರಿಸಿದರು. ದೇಶದ ದೂರದ ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಕೊಡುವುದು ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಲೆಕ್ಕ ಹಾಕಿದರೆ ಅದು ನಮ್ಮ ನೆತ್ತಿಯ ಹತ್ತಿರವೇ ಇದೆ. ಸರಿಯಾಗಿ ದಕ್ಷಿಣಕ್ಕೆ, ದಿಗಂತದಿಂದ ಸುಮಾರು 72 ಡಿಗ್ರಿ ಮೇಲೆ. ಡಿಶ್ ಮುಂದೆ ನೋಡಬೇಕಿಲ್ಲ, ಹೆಚ್ಚು ಕಡಿಮೆ ಮೇಲೆ ನೋಡಿದರೆ ಸಾಕು.

ಈ ಒಂದು ಕೋನ ಇಡೀ ನಿರ್ಧಾರವನ್ನು ತಿರುಗಿಸಿತು. ಕೆಳಕಕ್ಷೆಯ ಉಪಗ್ರಹಗಳು ಒಂದೇ ಕಡೆ ನಿಲ್ಲುವುದಿಲ್ಲ, ಆಕಾಶದ ತುಂಬ ಓಡುತ್ತಿರುತ್ತವೆ. ಅವುಗಳ ಡಿಶ್‌ಗೆ ಅಗಲವಾದ, ತೆರೆದ ಆಕಾಶ ಬೇಕು. ಊರಿನ ಸುತ್ತ ನಿಂತಿರುವುದು ಮತ್ತಿ, ನಂದಿ, ನೇರಳೆಯ ಎತ್ತರದ ಮರಗಳು. ಅಲ್ಲಿ ಆ ಡಿಶ್ ಇಟ್ಟರೆ ಮರದ ಹಿಂದೆ ಉಪಗ್ರಹ ಮರೆಯಾದಾಗೆಲ್ಲ ಲಿಂಕ್ ಕಡಿಯುತ್ತದೆ. ಭೂಸ್ಥಿರ ಉಪಗ್ರಹಕ್ಕೆ ಬೇಕಾದದ್ದು ನೆತ್ತಿಯ ಹತ್ತಿರ ಒಂದು ಕಿಂಡಿ ಮಾತ್ರ. ಶಾಲೆಯ ಅಂಗಳದಲ್ಲಿ ಆ ಕಿಂಡಿ ಇತ್ತು. ಒಂದು ಟೊಂಗೆಯನ್ನೂ ಕಡಿಯಬೇಕಾಗಲಿಲ್ಲ. ಕಾಡಿನ ಅಂಚಲ್ಲಿ ಕೆಲಸ ಮಾಡುವವರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅಲ್ಲಿನವರಿಗೆ ಹೇಳಬೇಕಿಲ್ಲ.

ಇನ್ನೊಂದು ಲಾಭವೂ ಇತ್ತು. ಡಿಶ್ ಮೇಲೆ ನೋಡಿದಷ್ಟೂ ಸಿಗ್ನಲ್ ಮಳೆಯ ಪದರವನ್ನು ನೆಟ್ಟಗೆ ದಾಟುತ್ತದೆ. ಕೆಳಗೆ ಬಾಗಿದರೆ ಅದೇ ಪದರವನ್ನು ಓರೆಯಾಗಿ, ಉದ್ದಕ್ಕೆ ಸೀಳಬೇಕು. ನಮ್ಮ ಮಳೆಗೆ ಇದು ಸಣ್ಣ ವಿಷಯವಲ್ಲ.

ಇದೇ ಹೊತ್ತಿಗೆ ಊರಿನ ಹಿತೈಷಿಯೊಬ್ಬರು ವಿದೇಶದಿಂದ ಒಂದು ಸ್ಟಾರ್‌ಲಿಂಕ್ ಡಿಶ್ ತರಿಸಿ ಕೊಡುತ್ತೇನೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ನಮ್ಮ ದೇಶದಲ್ಲಿ ಪರವಾನಗಿ ಇಲ್ಲದ ಉಪಗ್ರಹ ಸಾಧನ ಬಳಸುವುದು ಅಪರಾಧ. ಸ್ಟಾರ್‌ಲಿಂಕ್‌ಗೆ ದೂರಸಂಪರ್ಕ ಇಲಾಖೆಯ ಪರವಾನಗಿ ಸಿಕ್ಕಿದ್ದೇ 2025ರ ಜೂನ್‌ನಲ್ಲಿ. ಈ ಮಾತು ಬಂದದ್ದು ಅದಕ್ಕಿಂತ ಮೊದಲು. ಶಾಲೆಯ ಅಂಗಳದಲ್ಲಿ ಅಂಥದ್ದನ್ನು ಇಟ್ಟರೆ ನಾಳೆ ಉತ್ತರ ಕೊಡಬೇಕಾದವರು ಮಾಸ್ತರು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇದನ್ನು ಬಿಡಿಸಿ ಹೇಳಿದ ಮೇಲೆ ಎಲ್ಲರೂ ಬೇಡ ಅಂದರು. ಪರವಾನಗಿ ಇರುವ ಒಂದು ಕಂಪನಿಯಿಂದ ವಿಸ್ಯಾಟ್ ಲಿಂಕ್, ಅಂದರೆ ಸಣ್ಣ ಡಿಶ್‌ನಿಂದ ಭೂಸ್ಥಿರ ಉಪಗ್ರಹದ ಜೊತೆ ಕಟ್ಟುವ ಸಂಪರ್ಕ, ತೆಗೆದುಕೊಳ್ಳುವುದು ಎಂದಾಯಿತು.

ಹಾಕಿದ ರೀತಿ

ಕಂಪನಿ ಮೊದಲು ತೋರಿಸಿದ್ದು 90 ಸೆಂಟಿಮೀಟರ್ ಡಿಶ್. ಬಯಲುಸೀಮೆಯ ಪೆಟ್ರೋಲ್ ಬಂಕಿಗೂ ಬ್ಯಾಂಕಿಗೂ ಅದು ಸಾಕು. ಇಲ್ಲಿಗೆ 1.2 ಮೀಟರ್‌ನದೇ ಬೇಕು ಅಂತ ಪಟ್ಟು ಹಿಡಿದೆವು. ಈ ಲಿಂಕ್ ನಡೆಯುವ ಕೆಯು ಬ್ಯಾಂಡ್ ಎಂಬ ರೇಡಿಯೋ ಅಲೆಗಳ ಗುಂಪಿನಲ್ಲಿ ಸಿಗ್ನಲ್ ಮೇಲೆ ಹೋಗುವುದು 14 ಗಿಗಾಹರ್ಟ್ಸ್ ಆಸುಪಾಸಿನಲ್ಲಿ. ಆ ಅಲೆಯನ್ನು ಮಳೆಹನಿ ಚೆನ್ನಾಗಿ ನುಂಗುತ್ತದೆ. ದೊಡ್ಡ ಡಿಶ್‌ನಿಂದ ಸುಮಾರು 2.5 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಸಾಧಾರಣ ಮಳೆಯಲ್ಲಿ ಲಿಂಕ್ ಉಳಿಯುವುದಕ್ಕೂ ಬೀಳುವುದಕ್ಕೂ ನಡುವಿನ ಅಂತರ ಅಷ್ಟೇ ಇರುತ್ತದೆ.

ದೊಡ್ಡ ಡಿಶ್‌ಗೆ ಗಾಳಿಯೂ ಜಾಸ್ತಿ ಹಿಡಿಯುತ್ತದೆ. ಹಂಚಿನ ಮೇಲೆ ಇಡುವಂತಿಲ್ಲ. ಅಂಗಳದಲ್ಲಿ ಆಳವಾಗಿ ತೋಡಿ ಕಾಂಕ್ರೀಟ್ ಹಾಕಿ ಕಂಬ ನಿಲ್ಲಿಸಿದೆವು. ಊರಿನ ಗೌಂಡಿಯೊಬ್ಬರು ತೂಗುಗುಂಡು ಕಟ್ಟಿ ಕಂಬವನ್ನು ನೆಟ್ಟಗೆ ಮಾಡಿಕೊಟ್ಟರು. ಅವರ ಆ ಕೆಲಸ ನಮ್ಮನ್ನು ಎಷ್ಟೋ ಸಲ ಉಳಿಸಿದೆ. ಈ ಗಾತ್ರದ ಡಿಶ್‌ನ ಕಿರಣ ಒಂದೂವರೆ ಡಿಗ್ರಿಗಿಂತ ಅಗಲ ಇರುವುದಿಲ್ಲ. ಮಳೆಗೆ ಮಣ್ಣು ಮೆತ್ತಗಾಗಿ ಕಂಬ ಸ್ವಲ್ಪ ವಾಲಿದರೂ ಉಪಗ್ರಹ ಕೈತಪ್ಪುತ್ತದೆ. ಸುತ್ತ ಒಂದು ಸಣ್ಣ ಕಾಲುವೆ ತೆಗೆದು ನೀರು ನಿಲ್ಲದಂತೆ ಮಾಡಿದ್ದೂ ಅವರ ಸಲಹೆಯೇ.

ಡಿಶ್ ಕೂತದ್ದು ಬೇಸಿಗೆಯಲ್ಲಿ. ತಿಳಿ ಆಕಾಶದಲ್ಲಿ ಲಿಂಕ್ ಕಣ್ಣು ಮಿಟುಕಿಸದೆ ನಿಂತಿತು. ಮಕ್ಕಳು ಮೊದಲ ಸಲ ತಮ್ಮ ಶಾಲೆಯಿಂದಲೇ ಗೋವಾದಲ್ಲಿರುವ ಅಪ್ಪಂದಿರ ಮುಖ ನೋಡಿದರು. ಮಾತು ಹೋಗಲು ಕಾಲು ಸೆಕೆಂಡು, ಉತ್ತರ ಬರಲು ಕಾಲು ಸೆಕೆಂಡು ಹಿಡಿಯುತ್ತದೆ. ಅಷ್ಟು ದೂರ ಬೆಳಕೂ ಅದಕ್ಕಿಂತ ಬೇಗ ಹೋಗಲಾರದು. ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡಬೇಕು ಅಂತ ಹೇಳಿಕೊಟ್ಟೆವು. ಮಕ್ಕಳು ದೊಡ್ಡವರಿಗಿಂತ ಬೇಗ ಕಲಿತರು.

ಮಳೆ ನಿಂತರೂ ಬಾರದ ಲಿಂಕ್

ಜೂನ್ ಬಂತು. ಜೋರು ಮಳೆಗೆ ಲಿಂಕ್ ಬೀಳುತ್ತದೆ ಅಂತ ಮೊದಲೇ ಗೊತ್ತಿತ್ತು, ಊರವರಿಗೂ ಹೇಳಿದ್ದೆವು. ಆದರೆ ಆದದ್ದು ಬೇರೆ. ಮಳೆ ನಿಂತು, ಆಕಾಶ ತುಸು ಬೆಳ್ಳಗಾದರೂ ಲಿಂಕ್ ಬರುತ್ತಿರಲಿಲ್ಲ. ಕೆಲವೊಮ್ಮೆ ಮರುದಿನ ಮಧ್ಯಾಹ್ನದವರೆಗೂ ಇಲ್ಲ. ಕಂಪನಿಗೆ ಫೋನ್ ಮಾಡಿದರೆ ಒಂದೇ ಉತ್ತರ: ಅಲ್ಲಿ ಮಳೆ ಸರ್, ಏನೂ ಮಾಡಲಾಗುವುದಿಲ್ಲ. ಊರಲ್ಲಿ ಬೇಸರ ಶುರುವಾಯಿತು. ಇದು ಬೇಸಿಗೆಯ ಆಟಿಕೆ ಅಂತ ಜನ ಅಂದುಕೊಂಡುಬಿಟ್ಟರೆ ಮುಂದೆ ಯಾರೂ ಅದರ ಕಡೆ ನೋಡುವುದಿಲ್ಲ. ಇಂಥ ಎಷ್ಟೋ ಯೋಜನೆಗಳು ಸಾಯುವುದು ಇದೇ ಘಟ್ಟದಲ್ಲಿ.

ಮಾಸ್ತರಿಗೆ ಒಂದು ನೋಟ್‌ಬುಕ್ ಕೊಟ್ಟು ನಾಲ್ಕು ಸಂಗತಿ ಬರೆದಿಡಲು ಕೇಳಿಕೊಂಡೆವು. ಲಿಂಕ್ ಯಾವಾಗ ಹೋಯಿತು, ಆಗ ಮಳೆ ಹೇಗಿತ್ತು, ಮಳೆ ಯಾವಾಗ ನಿಂತಿತು, ಲಿಂಕ್ ಯಾವಾಗ ಬಂತು. ಮೋಡೆಮ್‌ನ ಪುಟದಲ್ಲಿ ಕಾಣುವ ಸಿಗ್ನಲ್ ಅಂಕಿಯನ್ನೂ ಬರೆಯುತ್ತಾ ಹೋದರು. ಈ ಪ್ರಕರಣದಲ್ಲಿ ನಾನು ಬೇರೆಯವರಿಗೆ ಮೊದಲು ತೋರಿಸುವುದು ಆ ನೋಟ್‌ಬುಕ್ಕನ್ನೇ. ಅದನ್ನು ಓದಿದ ಮೇಲೆ ಎರಡು ಬೇರೆ ಬೇರೆ ರೋಗ ಇರುವುದು ಸ್ಪಷ್ಟವಾಯಿತು. ಕೆಲವು ಸಲ ಅಂಕಿ ಮಳೆಯ ಜೊತೆಗೇ ಬಿದ್ದು, ಮಳೆ ಕಡಿಮೆಯಾದ ಕೆಲವೇ ನಿಮಿಷದಲ್ಲಿ ಮೇಲೆದ್ದಿತ್ತು. ಅದು ನಿಜವಾದ ಮಳೆಯ ಅಡ್ಡಿ. ಇನ್ನು ಕೆಲವು ಸಲ ಅಂಕಿ ನಿಧಾನಕ್ಕೆ ಇಳಿದು, ಮಳೆ ನಿಂತ ಮೇಲೂ ಗಂಟೆಗಟ್ಟಲೆ ಕೆಳಗೇ ಉಳಿದಿತ್ತು. ಬಿಸಿಲು ಬಿದ್ದ ದಿನ ಮಾತ್ರ ಚೇತರಿಸಿಕೊಂಡಿತ್ತು. ಮೋಡದಲ್ಲಿರುವ ನೀರು ಹಾಗೆ ಮಾಡುವುದಿಲ್ಲ. ಎಲ್ಲೋ ನೀರು ಒಳಗೆ ಕೂತಿದೆ, ಬಿಸಿಲಿಗೆ ಒಣಗಿದಾಗ ಸರಿಹೋಗುತ್ತಿದೆ.

ಡಿಶ್ ಹಿಂದಿನ ಕನೆಕ್ಟರ್ ಬಿಚ್ಚಿದಾಗ ನೀರು ಹನಿಯಿತು. ತಾಮ್ರದ ತಂತಿ ಹಸಿರಾಗಿತ್ತು. ಹಾಕಿದವರು ಅದಕ್ಕೆ ಮಾಮೂಲಿ ಕರೆಂಟ್ ಟೇಪ್ ಸುತ್ತಿ ಬಿಟ್ಟಿದ್ದರು. ಬಯಲಿನಲ್ಲಿ ಅದು ನಡೆಯುತ್ತದೆ. ಇಲ್ಲಿ ಅದರೊಳಗೆ ನೀರು ಇಳಿದು, ಕೇಬಲ್‌ನ ಹೆಣಿಗೆಯ ಗುಂಟ ಹರಿದು ಶಾಲೆಯ ಗೋಡೆಯವರೆಗೆ ಬಂದಿತ್ತು. ಕೇಬಲ್‌ನ ಆ ತುಂಡನ್ನೇ ಬದಲಿಸಿದೆವು. ಹೊಸ ಕನೆಕ್ಟರ್‌ಗೆ ತನ್ನಷ್ಟಕ್ಕೆ ತಾನೇ ಅಂಟಿಕೊಂಡು ಒಂದಾಗುವ ರಬ್ಬರ್ ಟೇಪ್ ಸುತ್ತಿ, ಮೇಲೆ ಇನ್ನೊಂದು ಪದರ ಹಾಕಿದೆವು. ಟೇಪ್ ಸುತ್ತುವಾಗ ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ, ಆಗ ನೀರು ಮಡಿಕೆಯೊಳಗೆ ನುಗ್ಗುವುದಿಲ್ಲ. ಕೇಬಲ್ ಕನೆಕ್ಟರ್‌ಗೆ ಸೇರುವ ಮೊದಲು ಕೆಳಗೊಂದು ಬಾಗು ಬಿಟ್ಟರೆ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ಇಷ್ಟೇ ಕೆಲಸ. ಅದಾದ ಮೇಲೆ ಉಳಿದದ್ದು ನಿಜವಾದ ಮಳೆಯ ಅಡ್ಡಿ ಮಾತ್ರ. ಅದು ಬರುತ್ತದೆ, ಹೋಗುತ್ತದೆ.

ಅದೇ ಹೊತ್ತಿಗೆ ಅರ್ಥಿಂಗ್ ಕೂಡ ನೋಡಿದೆವು. ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ. ಮೇ ತಿಂಗಳ ಅಡ್ಡಮಳೆ ಬರುವುದು ಗುಡುಗು ಸಿಡಿಲಿನ ಜೊತೆಗೆ. ನೆಲ ಒಣಗಿ ಅರ್ಥಿಂಗ್ ಕೆಲಸ ಮಾಡದಿರುವುದೂ ಸಿಡಿಲು ಜಾಸ್ತಿ ಇರುವುದೂ ಒಂದೇ ಕಾಲದಲ್ಲಿ. ಇದ್ದಿಲು, ಉಪ್ಪು ಹಾಕಿ ಹೊಸ ಗುಂಡಿ ಮಾಡಿ, ಏಪ್ರಿಲ್‌ನಿಂದ ಅದಕ್ಕೆ ನೀರು ಹಾಕುವ ಕೆಲಸವನ್ನು ದೊಡ್ಡ ಮಕ್ಕಳಿಗೆ ವಹಿಸಿದರು.

“ದಿನಪೂರ್ತಿ ಬ್ಯಾಡ್ರೀ”

ಮಳೆಗಾಲದ ನಡುವೆ ಇನ್ನೊಂದು ಗಂಟು ಎದುರಾಯಿತು. ಊರಿಗೆ ಕರೆಂಟ್ ಇದೆ, ಆದರೆ ಕಾಡಿನ ನಡುವಿನ ಲೈನ್. ಮರ ಬಿದ್ದರೆ ದಿನಗಟ್ಟಲೆ ಬರುವುದಿಲ್ಲ. ಅದಕ್ಕೇ ಸೋಲಾರ್ ಹಾಕಿದ್ದೆವು: 330 ವ್ಯಾಟ್‌ನ ಎರಡು ಪ್ಯಾನಲ್, 150 ಆಂಪಿಯರ್-ಅವರ್‌ನ ಎರಡು ಟ್ಯೂಬುಲರ್ ಬ್ಯಾಟರಿ. ಲೆಕ್ಕ ಸರಳ. ಮೋಡೆಮ್, ಡಿಶ್‌ನ ಟ್ರಾನ್ಸ್‌ಮಿಟರ್, ರೂಟರ್ ಎಲ್ಲ ಸೇರಿ ಸುಮಾರು 60 ವ್ಯಾಟ್. 24 ಗಂಟೆಗೆ 1.44 ಯುನಿಟ್. ಎರಡೂ ಬ್ಯಾಟರಿ ಸೇರಿ ಹೆಸರಿಗೆ 3.6 ಯುನಿಟ್. ಆದರೆ ಇಂಥ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. ಬಳಸಬಹುದಾದದ್ದು 1.8 ಯುನಿಟ್, ಅಂದರೆ ಒಂದು ದಿನಕ್ಕಿಂತ ಸ್ವಲ್ಪ ಹೆಚ್ಚು. ಜುಲೈನಲ್ಲಿ ಸೂರ್ಯನೇ ಕಾಣದ ದಿನಗಳು ಸಾಲಾಗಿ ಬರುತ್ತವೆ. ಬೇಸಿಗೆಯಲ್ಲಿ ಸಿಗುವುದರ ಐದನೇ ಒಂದು ಭಾಗವೂ ಸಿಗದ ದಿನಗಳಿದ್ದವು. ಬ್ಯಾಟರಿ ಇಳಿದು ಮೋಡೆಮ್ ಯಾವಾಗ ಬೇಕಾದರೂ ಆರಿಹೋಗುತ್ತಿತ್ತು. ಬೆರಳಚ್ಚು ಕೊಡಲು ಬಂದವರು ಸುಮ್ನೆ ಕೂತು ವಾಪಸ್ ಹೋಗುತ್ತಿದ್ದರು.

ಎದುರಿಗಿದ್ದ ಸುಲಭದ ದಾರಿ ಇನ್ನಷ್ಟು ಬ್ಯಾಟರಿ, ಇನ್ನಷ್ಟು ಪ್ಯಾನಲ್. ಅದಕ್ಕೆ ಹಣ ಕೂಡಿಸುವ ಮಾತು ಸಭೆಯಲ್ಲಿ ನಡೆದಿತ್ತು. ಆಗ ಊರಿನ ಹಿರಿಯರೊಬ್ಬರು ಎದ್ದು ಹೇಳಿದರು: “ನಮಗ ದಿನಪೂರ್ತಿ ಬ್ಯಾಡ್ರೀ ಸಾಹೇಬ್ರ. ಯಾವಾಗ ಇರತೈತಿ ಅನ್ನೂದು ಗೊತ್ತಾದ್ರ ಸಾಕು. ಬಸ್ಸು ದಿನಕ್ಕ ಎರಡ ಸಲ ಬರತೈತಿ, ಆದ್ರ ಹೊತ್ತಿಗೆ ಬರತೈತಿ. ನಾವು ಹೊಂದಿಕೊಂಡೇವಿ ಇಲ್ಲೋ?”

ಈ ಪ್ರಕರಣದ ದೊಡ್ಡ ತಿರುವು ಇದು. ಅಲ್ಲಿಯವರೆಗೆ ಎಲ್ಲರ ತಲೆಯಲ್ಲೂ ಭರವಸೆಯ ಲಿಂಕ್ ಅಂದರೆ 24 ಗಂಟೆಯ ಲಿಂಕ್. ಉತ್ತರದ ಹಿಮನಾಡಿನ ಸಲಹೆಯೂ ಅದೇ ಆಗಿತ್ತು. ಅಲ್ಲಿ ಮೋಡೆಮ್ ಆರಿಸಿದರೆ ಉಪಕರಣ ಹೆಪ್ಪುಗಟ್ಟುವ ಭಯ. ಇಲ್ಲಿ ಆ ಭಯವಿಲ್ಲ. ಜನರೇ ಕೂತು ಹೊತ್ತು ಗೊತ್ತು ಮಾಡಿದರು. ಬೆಳಿಗ್ಗೆ ಎರಡು ಗಂಟೆ ಪಡಿತರ, ಪಂಚಾಯತಿ ಕೆಲಸ, ಆಶಾ ವರದಿಗೆ. ಹಗಲು ಎರಡು ಗಂಟೆ ಶಾಲೆಗೆ. ಸಂಜೆ ಮೂರು ಗಂಟೆ ಊರವರ ಫೋನಿಗೆ. ಒಟ್ಟು ಏಳು ಗಂಟೆ. 60 ವ್ಯಾಟ್‌ಗೆ ಏಳು ಗಂಟೆ ಅಂದರೆ 0.42 ಯುನಿಟ್. ಅದೇ ಬ್ಯಾಟರಿ, ಬಿಸಿಲೇ ಇಲ್ಲದಿದ್ದರೂ ನಾಲ್ಕು ದಿನ ತಡೆಯುತ್ತದೆ. ಒಂದು ಟೈಮರ್ ಹಾಕಿದೆವು. ಅದನ್ನು ಇನ್ವರ್ಟರ್‌ಗಿಂತ ಮೊದಲೇ ಕೂರಿಸಿದೆವು. ಇನ್ವರ್ಟರ್ ಸುಮ್ನೆ ಆನ್ ಇದ್ದರೂ 15–20 ವ್ಯಾಟ್ ತಿನ್ನುತ್ತದೆ, ಅದೂ ಆರಬೇಕು.

ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ? ಅದಕ್ಕೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು. ಶಾಲೆಯ ಹೊರಗೋಡೆಯ ಮೇಲೆ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ ಟೈಮರ್ ಬಿಟ್ಟು ಒಂದು ಗಂಟೆ ಲಿಂಕ್ ಬರುತ್ತದೆ. ಬ್ಯಾಟರಿಯಲ್ಲಿ ಅದಕ್ಕೆ ಬೇಕಾದಷ್ಟು ಯಾವಾಗಲೂ ಉಳಿದಿರುತ್ತದೆ. ಅದಕ್ಕೆ ಬೀಗ ಹಾಕಬೇಡಿ ಅಂತ ನಾನು ಸಭೆಯಲ್ಲಿ ಬಹಳ ಹೊತ್ತು ವಾದ ಮಾಡಿದೆ. ಹಾಕಿಲ್ಲ. ದುರುಪಯೋಗವೂ ಆಗಿಲ್ಲ.

ಒಟಿಪಿ

ಲಿಂಕ್ ಬಂದರೂ ಅರ್ಧ ಕೆಲಸಗಳು ಆಗುತ್ತಿರಲಿಲ್ಲ. ಪಿಂಚಣಿ, ಬ್ಯಾಂಕ್, ಆಧಾರ್, ಏನೇ ತೆರೆದರೂ ಕೊನೆಗೆ ಒಟಿಪಿ ಕೇಳುತ್ತದೆ. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಎಸ್‌ಎಂಎಸ್‌ಗೆ ರೇಂಜ್ ಬೇಕು. ಅಂದರೆ ಶಾಲೆಯಲ್ಲಿ ಇಂಟರ್ನೆಟ್, ಒಟಿಪಿ ಗುಡ್ಡದ ಮೇಲೆ. ಒಬ್ಬರು ಬಂಡೆಯ ಮೇಲೆ ನಿಂತು ನಂಬರ್ ಓದಿಕೊಂಡು ಕೆಳಗೆ ಓಡಿ ಬರುವಷ್ಟರಲ್ಲಿ ಹೊತ್ತು ಮೀರಿರುತ್ತಿತ್ತು. ಉಪಗ್ರಹ ಲಿಂಕ್ ಹಾಕುವ ಯೋಜನೆಯ ಕಾಗದಗಳಲ್ಲಿ ಈ ವಿಷಯ ಕಾಣುವುದೇ ಇಲ್ಲ, ಹಳ್ಳಿಗೆ ಹೋದ ಮೊದಲ ದಿನವೇ ಎದುರಾಗುತ್ತದೆ.

ಪರಿಹಾರ ವೈಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರ್‌ನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ನಮ್ಮ ದೇಶದಲ್ಲಿ ಶುರು ಮಾಡಿದವು. ಫೋನ್‌ನ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿದರೆ ಟವರ್ ಬದಲು ವೈಫೈ ಮೂಲಕವೇ ಕರೆ ಹೋಗುತ್ತದೆ, ಎಸ್‌ಎಂಎಸ್ ಕೂಡ ಬರುತ್ತದೆ. ನಾವು ಆನ್ ಮಾಡಿದಾಗ ಮೊದಲು ಆಗಲಿಲ್ಲ. ಫೋನು ತನ್ನ ಕಂಪನಿಯ ಜೊತೆ ಒಂದು ಗುಪ್ತ ಸುರಂಗ ಕಟ್ಟಿಕೊಳ್ಳುತ್ತದೆ. ಅದಕ್ಕೆ ಯುಡಿಪಿ 500 ಮತ್ತು 4500 ಎಂಬ ಎರಡು ಪೋರ್ಟ್ ತೆರೆದಿರಬೇಕು. ಉಪಗ್ರಹ ಸೇವೆಯ ಕಡೆ ಅವು ಮುಚ್ಚಿದ್ದವು. ಬರೆದು ಕೇಳಿದ ಮೇಲೆ ತೆರೆದರು. ರೂಟರ್‌ನಲ್ಲಿ ಆ ಎರಡಕ್ಕೆ ಮೊದಲ ಸರದಿ ಕೊಟ್ಟೆವು. ಅವತ್ತು ಸಂಜೆ ಶಾಲೆಯ ಕಟ್ಟೆಯ ಮೇಲೆ ಕೂತಿದ್ದವರ ಫೋನುಗಳಿಗೆ ಹಳೆಯ ಎಸ್‌ಎಂಎಸ್‌ಗಳು ಒಂದರ ಹಿಂದೆ ಒಂದು ಬಂದು ಬಿದ್ದವು.

ಕೀಪ್ಯಾಡ್ ಫೋನ್ ಇರುವ ಹಿರಿಯರಿಗೆ ಇದು ಒದಗಲಿಲ್ಲ. ಅವರಿಗೆ ಒಟಿಪಿ ಬದಲು ಬೆರಳಚ್ಚಿನಿಂದ ಆಗುವ ಕೆಲಸಗಳನ್ನೇ ಆರಿಸಿಕೊಂಡೆವು. ಬೆರಳಚ್ಚಿಗೆ ಬೇಕಾದ ಡೇಟಾ ತೀರಾ ಚಿಕ್ಕದು. ಅರ್ಧ ಸೆಕೆಂಡಿನ ವಿಳಂಬ ಅದಕ್ಕೆ ಲೆಕ್ಕಕ್ಕೇ ಇಲ್ಲ.

ಡೇಟಾ ಎಲ್ಲಿ ಹೋಯಿತು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ತಿಂಗಳ ಡೇಟಾ ಮೊದಲ ವಾರದಲ್ಲೇ ಖಾಲಿಯಾಗುತ್ತಿತ್ತು. ಜನ ಸಿನಿಮಾ ನೋಡುತ್ತಾರೆ ಅಂತ ಎಲ್ಲರ ಅನುಮಾನ. ನೋಡಿದರೆ ತಿಂದದ್ದು ಫೋನುಗಳೇ, ಆಪ್ ಅಪ್‌ಡೇಟ್ ಮತ್ತು ವಾಟ್ಸ್‌ಆ್ಯಪ್‌ನ ತಾನಾಗಿ ಇಳಿಯುವ ವಿಡಿಯೋ. ತಿಂಗಳಾನುಗಟ್ಟಲೆ ವೈಫೈ ಕಾಣದ ಫೋನು ವೈಫೈ ಸಿಕ್ಕ ಕೂಡಲೇ ಬಾಕಿ ಎಲ್ಲ ಇಳಿಸಿಕೊಳ್ಳುತ್ತದೆ. ಅಪ್‌ಡೇಟ್ ತಡೆದೆವು, ಮನೆಗೊಂದು ಪಾಲು ಗೊತ್ತು ಮಾಡಿದೆವು. ಪಾಠದ ವಿಡಿಯೋಗಳನ್ನು ಸರ್ಕಾರದ ದೀಕ್ಷಾ ಜಾಲತಾಣದಿಂದ ಬೆಳಗಾವಿಯಲ್ಲೇ ಇಳಿಸಿ ಹಾರ್ಡ್ ಡಿಸ್ಕ್‌ನಲ್ಲಿ ಬಸ್ಸಿಗೆ ಹಾಕಿ ಕಳಿಸುತ್ತೇವೆ. ಶಾಲೆಯ ಸಣ್ಣ ಸರ್ವರ್‌ನಿಂದ ಮಕ್ಕಳು ಅವನ್ನು ನೋಡುತ್ತಾರೆ, ಅದಕ್ಕೆ ಉಪಗ್ರಹವೇ ಬೇಡ.

ಈಗ ಹೇಗಿದೆ

ಲಿಂಕ್ ನಡೆಯುತ್ತಿದೆ. ಜೋರು ಮಳೆಗೆ ಈಗಲೂ ಬೀಳುತ್ತದೆ, ಮಳೆ ತಗ್ಗಿದರೆ ಏಳುತ್ತದೆ. ಮಾರ್ಚ್ ಎರಡನೇ ವಾರ ಮತ್ತು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೆಲವು ದಿನ ಮಧ್ಯಾಹ್ನ ಹನ್ನೆರಡೂವರೆಯ ಆಸುಪಾಸು ಕೆಲವು ನಿಮಿಷ ಹೋಗುತ್ತದೆ. ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುವ ಹೊತ್ತು ಅದು. ಮಾಸ್ತರು ಇದನ್ನು ಮಕ್ಕಳಿಗೆ ಪಾಠ ಮಾಡಿಬಿಟ್ಟಿದ್ದಾರೆ. ಸರ್ಕಾರದ ದೂರವೈದ್ಯ ಸೇವೆ ಇ-ಸಂಜೀವಿನಿಯಲ್ಲಿ ಡಾಕ್ಟರ ಜೊತೆ ವಿಡಿಯೋ ಮಾತುಕತೆ ಬೇಸಿಗೆಯಲ್ಲಿ ಚೆನ್ನಾಗಿ ಆಗುತ್ತದೆ, ಮಳೆಗಾಲದಲ್ಲಿ ತಡವರಿಸುತ್ತದೆ. ಆಗ ಆಶಾ ಕಾರ್ಯಕರ್ತೆ ಫೋಟೊ ಕಳಿಸಿ, ವೈಫೈ ಕಾಲಿಂಗ್‌ನಲ್ಲಿ ಮಾತಾಡುತ್ತಾರೆ. ಕೆಂಪು ಗುಂಡಿ ಒತ್ತಿ ಆಂಬುಲೆನ್ಸ್ ಕರೆಸಿದ್ದು ಆಗಿದೆ. ತಾಯಿ, ಮಗು ಇಬ್ಬರೂ ಆರೋಗ್ಯವಾಗಿದ್ದಾರೆ.

ಇಷ್ಟು ದಿನ ಲಿಂಕ್ ಉಳಿದಿರುವುದು ಊರಿನ ಇಬ್ಬರು ಯುವತಿಯರಿಂದ. ಕಂಪನಿಯ ಮನುಷ್ಯ ಬೆಳಗಾವಿಯಿಂದ ಬರುವುದಕ್ಕೆ ಮಳೆಗಾಲದಲ್ಲಿ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು. ಬ್ಯಾಟರಿ ನೀರು ನೋಡುವುದು, ಡಿಶ್‌ನ ಅಂಚಿನಲ್ಲಿ ಕೂಡುವ ಎಲೆ ತೆಗೆಯುವುದು, ಕನೆಕ್ಟರ್ ಬಿಚ್ಚಿ ಕಟ್ಟುವುದು, ನೋಟ್‌ಬುಕ್ ಬರೆಯುವುದು ಎಲ್ಲ ಅವರೇ ಮಾಡುತ್ತಾರೆ. ಸಮಿತಿ ಅವರಿಗೆ ತಿಂಗಳಿಗೆ ಗೌರವಧನ ಕೊಡುತ್ತದೆ. ಇದನ್ನು ಸೇವೆ ಅಂತ ಪುಕ್ಕಟೆ ಮಾಡಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಊರಿನವರು ಕೇಳಿದಾಗಲೂ ನಾನು ಮೊದಲು ಕೇಳುವುದು, ಅಲ್ಲಿ ಈ ಕೆಲಸ ಯಾರು ಮಾಡುತ್ತಾರೆ, ಅವರಿಗೆ ಏನು ಕೊಡುತ್ತೀರಿ ಅಂತ. ಡಿಶ್ ಯಾವುದು ಅನ್ನುವುದು ಆಮೇಲಿನ ಮಾತು.

ಕೆಳಕಕ್ಷೆಯ ಸೇವೆಗೆ ಬದಲಾಯಿಸಬೇಕೆ ಅನ್ನುವ ಪ್ರಶ್ನೆ ಸಭೆಯಲ್ಲಿ ಈಗ ಇದೆ. ವಿಳಂಬ ತೀರಾ ಕಡಿಮೆಯಾಗುತ್ತದೆ, ಡಾಕ್ಟರ ಜೊತೆ ಮಾತು ಸಲೀಸಾಗುತ್ತದೆ, ಅದು ನಿಜವಾದ ಲಾಭ. ಆದರೆ ಶಾಲೆಯ ಅಂಗಳದಿಂದ ಅಷ್ಟು ಅಗಲದ ಆಕಾಶ ಕಾಣುವುದಿಲ್ಲ. ಊರಿನ ಹೊರಗೆ ಗದ್ದೆಯ ಕಡೆ ಒಂದು ತೆರೆದ ಜಾಗ ಇದೆ, ಅಲ್ಲಿಗೆ ಬ್ಯಾಟರಿ, ಬೇಲಿ, ಕೇಬಲ್ ಎಲ್ಲ ಹೊಸದಾಗಿ ಬೇಕು. ಆ ಯುವತಿಯರು ಫೋನ್ ಹಿಡಿದು ಎರಡೂ ಜಾಗದ ಆಕಾಶದ ಚಿತ್ರ ತೆಗೆದು, ಯಾವ ದಿಕ್ಕಿಗೆ ಎಷ್ಟು ಎತ್ತರದವರೆಗೆ ಮರ ಅಡ್ಡ ಇದೆ ಅಂತ ಗುರುತು ಹಾಕುತ್ತಿದ್ದಾರೆ. ಮರಗಳು ಚಿಗುರಿ ದಟ್ಟವಾದ ಮೇಲೆ ಇನ್ನೊಮ್ಮೆ ತೆಗೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಸಮಿತಿ ತೀರ್ಮಾನ ಮಾಡುತ್ತದೆ.